ರಾಜರ ಬಿಡಾರದಲ್ಲಿ ರಾಗಿಮುದ್ದೆ

ಶನಿವಾರ ಬೆಳಗಾದರೆ ಸಾಕು, ನಮ್ಮ ಅಂತರಸಂತೆಯ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳು ಒಂದರ ಹಿಂದೊಂದು ಕಾರಾಪುರದ ಕಡೆಗೆ ಸಾಗುತ್ತವೆ. ಕಬಿನಿ ಹಿನ್ನೀರಿನ ದಂಡೆಯಲ್ಲಿರುವ ಕಬಿನಿ ರಿವರ್ ಲಾಡ್ಜ್ ಅವುಗಳಲ್ಲಿ ಹಲವರ ಗುರಿ. ಇಷ್ಟು ಹತ್ತಿರದಲ್ಲಿದ್ದೂ ನಾನು ಅಲ್ಲಿ ಒಂದು ತುತ್ತು ಉಂಡವನಲ್ಲ. ಮೇಷ್ಟರ ಸಂಬಳಕ್ಕೂ ರಾಜರ ಬಂಗಲೆಗೂ ಎಲ್ಲಿಯ ನಂಟು ಹೇಳಿ!

ಮೊನ್ನೆ ಆ ನಂಟು ಕೂಡಿಬಂತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬೆಂಗಳೂರಿನಲ್ಲಿ ಎಂಜಿನಿಯರ್, ಹೆಂಡತಿ ಮಗಳೊಂದಿಗೆ ಅಲ್ಲಿಗೆ ಬಂದಿದ್ದ. ‘ಸಾರ್, ನೀವು ಮಧ್ಯಾಹ್ನದ ಊಟಕ್ಕೆ ಬರಲೇಬೇಕು’ ಎಂದು ಹಟ ಹಿಡಿದ. ಇಸ್ತ್ರಿ ಮಾಡಿದ ಷರ್ಟು ತೊಟ್ಟು ಹೊರಟೆ.

ಬೇಟೆಯ ಮನೆ

ಇಲ್ಲಿನ ಹಳೆಯ ಬಂಗಲೆಗಳು ಮೈಸೂರು ಅರಸರ ಕಾಲದವು. ಮಹಾರಾಜರು, ಅವರ ಅತಿಥಿಗಳಾಗಿ ಬಂದ ವೈಸರಾಯ್‌ಗಳು ಬೇಟೆಗೆಂದು ತಂಗುತ್ತಿದ್ದ ಬಿಡಾರಗಳು. ಹತ್ತಿರದ ಕಾಕನಕೋಟೆ ಕಾಡಿನಲ್ಲಿ ನಡೆಯುತ್ತಿದ್ದ ಖೆಡ್ಡಾ ಜಗತ್ಪ್ರಸಿದ್ಧ. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿಯಿಂದ ಬೆದರಿಸಿ, ಹೊಳೆಗೆ ಇಳಿಸಿ, ದಿಮ್ಮಿಗಳ ಆವರಣದೊಳಕ್ಕೆ ಅಟ್ಟುತ್ತಿದ್ದರು. ಕಾಡಿನ ಜಾಡು ಬಲ್ಲ ಕುರುಬರಿಲ್ಲದೆ ಆ ಕೆಲಸ ಸಾಗುತ್ತಿರಲಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆದ ನೆಲದ ಮೇಲೆ ನೀರು ನಿಂತಿತು.

1980ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಈ ಬಿಡಾರವನ್ನು ಪ್ರವಾಸಿಗಳಿಗೆ ತೆರೆಯಿತು. ಬಹುಕಾಲ ಇದರ ಜೀವಾಳವಾಗಿದ್ದವರು ಕರ್ನಲ್ ಜಾನ್ ವೇಕ್‌ಫೀಲ್ಡ್. ಒಂದು ಕಾಲದಲ್ಲಿ ಬಂದೂಕು ಹಿಡಿದು ಬೇಟೆಯಾಡಿದವರೇ ಮುಂದೆ ಕಾಡು ಉಳಿಸಿ ಎಂದು ಹೇಳುತ್ತಾ ಇಲ್ಲೇ ನೆಲೆಸಿದರು. ಎಲ್ಲರ ಬಾಯಲ್ಲಿ ‘ಪಾಪಾ’ ಆಗಿದ್ದ ಅವರು 2010ರಲ್ಲಿ ತೀರಿಕೊಂಡರು. ಬೇಟೆಯ ಮನೆ ಹೀಗೆ ನೋಟದ ಮನೆಯಾಯಿತು.

‘ಅಪ್ಪಣೆಯಿದೆಯೇ ಸಾರ್?’

ಊಟದ ಮನೆ ದುಂಡಗಿದೆ, ಎದುರಿಗೆ ನೀರು. ಸಾಲಾಗಿ ಇಟ್ಟ ಪಾತ್ರೆಗಳಿಂದ ಬೇಕಾದ್ದನ್ನು ಬಡಿಸಿಕೊಳ್ಳುವ ಪದ್ಧತಿ. ಸೂಪು, ಪಲಾವು, ಉತ್ತರ ಭಾರತದ ಪಲ್ಯಗಳು, ಪುಡಿಂಗು ಎಲ್ಲ ಇದ್ದವು. ಒಂದು ಪಾತ್ರೆಯ ಮುಚ್ಚಳ ತೆಗೆದರೆ ಹೊಳೆಯುವ ರಾಗಿಮುದ್ದೆ! ಪಕ್ಕದಲ್ಲಿ ಬಿಸಿ ಸೊಪ್ಪಿನ ಸಾರು. ನನ್ನ ಮುಂದಿದ್ದ ವಿದೇಶಿ ಮಹಿಳೆಯೊಬ್ಬರು ಒಂದು ಮುದ್ದೆಯನ್ನು ಮೆಲ್ಲನೆ ತಟ್ಟೆಗೆ ಇಳಿಸಿಕೊಂಡು, ಅಗಿಯಬೇಕೋ ನುಂಗಬೇಕೋ ಎಂದು ಕೇಳುತ್ತಿದ್ದರು.

ಆಗ ನನ್ನ ಶಿಷ್ಯ ಸೌಟು ಹಿಡಿದು ನಗುತ್ತಾ ಕೇಳಿದ: ‘ಸಾರ್, ಇವತ್ತು ಮುದ್ದೆ ತಿನ್ನಲು ಅಪ್ಪಣೆಯಿದೆಯೇ?’

ಏನೂ ಅರ್ಥವಾಗಲಿಲ್ಲ. ಕೂತ ಮೇಲೆ ಅವನೇ ನೆನಪಿಸಿದ. 1998ರ ಮಾತು. ಪ್ರೌಢಶಾಲೆಗೆ ಬಿಸಿಯೂಟ ಇನ್ನೂ ಬಂದಿರಲಿಲ್ಲ. ಮಕ್ಕಳು ಮನೆಯಿಂದ ಬುತ್ತಿ ತರುತ್ತಿದ್ದರು. ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ಗೊತ್ತಾದಾಗ ನಾನು ತರಗತಿಯಲ್ಲಿ, ‘ನಾಳೆ ಯಾರೂ ವರಾಂಡದಲ್ಲಿ ಮುದ್ದೆ ಡಬ್ಬಿ ಬಿಚ್ಚಬೇಡಿ, ಚಿತ್ರಾನ್ನವನ್ನೋ ಮೊಸರನ್ನವನ್ನೋ ಅಚ್ಚುಕಟ್ಟಾಗಿ ತನ್ನಿ’ ಎಂದಿದ್ದೆನಂತೆ. ಇವನ ಮನೆಯಲ್ಲಿ ಅಕ್ಕಿ ಬೇಯುತ್ತಿದ್ದುದು ಹಬ್ಬಕ್ಕೆ. ಮರುದಿನ ನೀರಿನ ತೊಟ್ಟಿಯ ಹಿಂದೆ ಕೂತು ಉಂಡ. ಅಧಿಕಾರಿಗಳು ಬಂದು ಹೋದರು. ಇವನು ಮಾತ್ರ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ತೊಟ್ಟಿಯ ಹಿಂದೆಯೇ ಉಂಡ.

ಅವನ ಮಾತಿನಲ್ಲಿ ಕಹಿ ಇರಲಿಲ್ಲ. ನನಗೆ ಮಾತ್ರ ತುತ್ತು ಗಂಟಲಲ್ಲಿ ನಿಂತಿತು. ವರ್ಷ ವರ್ಷವೂ ಅದೇ ತರಗತಿಯ ಕಪ್ಪುಹಲಗೆಯ ಮೇಲೆ ‘ಕ್ಯಾಲ್ಸಿಯಂ: ಹಾಲು, ರಾಗಿ, ಸೊಪ್ಪು’ ಎಂದು ಬರೆಸುತ್ತಿದ್ದವನೂ ನಾನೇ ಅಲ್ಲವೇ!

ಮುದ್ದೆಯೊಳಗಿನ ವಿಜ್ಞಾನ

ಅಂದು ಹೇಳಬೇಕಾಗಿದ್ದನ್ನು ಇಂದಾದರೂ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಕೂಡ ಇಲ್ಲ. ರಾಗಿಯ ಕಾಳು ಎಷ್ಟು ಚಿಕ್ಕದೆಂದರೆ, ಅಕ್ಕಿಯ ಹಾಗೆ ಸುಲಭವಾಗಿ ಹೊಟ್ಟು ಕಳೆದು ಬಿಳುಪು ಮಾಡಲಾಗದು. ಸಿಪ್ಪೆಯ ಸಮೇತ ಬೀಸುತ್ತೇವೆ. ಆದ್ದರಿಂದಲೇ ನಾರು, ಖನಿಜಾಂಶ ನಮ್ಮ ಪಾಲಿಗೆ ಉಳಿಯುತ್ತವೆ. ಅದೇ ಸಿಪ್ಪೆಯಲ್ಲಿ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ವಸ್ತುವೂ ಇದೆ. ಅಜ್ಜಿಯರು ಮಗುವಿಗೆ ರಾಗಿಸರಿ ಮಾಡುವಾಗ ಕಾಳನ್ನು ಮೊಳಕೆ ಬರಿಸುತ್ತಾರಲ್ಲ, ಆಗ ಈ ಫೈಟೇಟ್ ಕಡಿಮೆಯಾಗಿ ಖನಿಜಗಳು ದೇಹಕ್ಕೆ ಹೆಚ್ಚು ದಕ್ಕುತ್ತವೆ.

ಇನ್ನು ಮುದ್ದೆ ಕಟ್ಟುವುದು. ಒಣ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೂಡಲೇ ತಿರುವಿದರೆ ಗಂಟು ಕಟ್ಟುತ್ತದೆ, ಏಕೆ? ಸುಮಾರು 70 ಡಿಗ್ರಿ ಸೆಲ್ಷಿಯಸ್ ಹೊತ್ತಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಉಂಡೆಯ ಹೊರಪದರ ಮೊದಲು ಬೆಂದು ಅಂಟಾದರೆ, ಒಳಗಿನ ಹಿಟ್ಟಿಗೆ ನೀರು ತಲುಪುವುದಿಲ್ಲ. ಅದಕ್ಕೇ ಅಮ್ಮ ಮೊದಲು ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅಂಬಲಿ ಕಾಯಿಸುತ್ತಾಳೆ. ಮೇಲೆ ಉಳಿದ ಹಿಟ್ಟು ಸುರಿದು, ಮುಟ್ಟದೆ ಕುದಿಯಲು ಬಿಟ್ಟು, ಆಮೇಲೆ ಕೋಲು ಹಿಡಿದು ಬಲವಾಗಿ ತಿರುವುತ್ತಾಳೆ. ಪ್ರಯೋಗಾಲಯದಲ್ಲಿ ನಾನು ಹೇಳುವ ಕ್ರಮ, ಪ್ರಮಾಣ, ತಾಳ್ಮೆ ಮೂರೂ ಅಲ್ಲಿವೆ.

ಮತ್ತೊಂದು ಮಾತು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂತು. ಮಂಡ್ಯದಲ್ಲಿ ದುಡಿದ, ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಬೆಳೆಸಿದರು. ಬಡವರ ಹಿಟ್ಟು ಎಂದು ಕರೆಸಿಕೊಂಡ ಈ ಕಾಳಿನ ಹಿಂದೆ ಒಬ್ಬ ವಿಜ್ಞಾನಿಯ ಜೀವಮಾನದ ತಪಸ್ಸಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ರಾಗಿಯೂ ಅದರಲ್ಲಿ ಸೇರಿತ್ತು.

ಪೋಷಕರಲ್ಲಿ ಒಂದು ವಿನಂತಿ

ರಾಜರ ಬಿಡಾರದಲ್ಲಿ ಬಡಿಸುತ್ತಾರೆ, ವಿದೇಶಿಯರು ಇಷ್ಟಪಡುತ್ತಾರೆ ಎಂಬ ಕಾರಣಕ್ಕೆ ಮುದ್ದೆಯನ್ನು ಹೊಗಳುವುದು ಬೇಡ. ಅದು ಬೇರೆಯವರ ನಾಲಗೆಯಿಂದ ರುಚಿ ನೋಡಿದಂತೆ. ಅದರಲ್ಲಿ ಏನಿದೆ, ಅದು ಹೇಗೆ ಬೇಯುತ್ತದೆ ಎಂದು ಮಕ್ಕಳಿಗೆ ತಿಳಿಸಿ. ತಿಳಿದವನಿಗೆ ತನ್ನ ಡಬ್ಬಿಯ ಬಗ್ಗೆ ನಾಚಿಕೆ ಹುಟ್ಟದು. ಅನ್ನ ತಂದವನನ್ನು ಹಂಗಿಸುವುದೂ ಬೇಡ. ಯಾವ ಡಬ್ಬಿಯೂ ಮಗುವಿನ ಯೋಗ್ಯತಾಪತ್ರವಲ್ಲ.

ಊಟ ಮುಗಿಸಿ ಕೈತೊಳೆಯುವಾಗ ಶಿಷ್ಯನಿಗೆ, ‘ನನ್ನದು ತಪ್ಪಾಯಿತು ಕಣಪ್ಪ’ ಎಂದೆ. ‘ಬಿಡಿ ಸಾರ್, ತೊಟ್ಟಿಯ ಹಿಂದೆ ನೆರಳು ಚೆನ್ನಾಗಿತ್ತು’ ಎಂದ. ಅವನ ಮಗಳು ಎರಡನೆಯ ಮುದ್ದೆಗೆ ಎದ್ದು ಹೋಗಿದ್ದಳು.

ಸೋಮವಾರ ನನ್ನ ಡಬ್ಬಿಗೂ ಮುದ್ದೆ ಹಾಕಿಸಿಕೊಂಡು ಹೋದೆ. ವರಾಂಡದಲ್ಲಿ, ಮಕ್ಕಳ ನಡುವೆ ಕೂತು ಉಂಡೆ.