ಕೈಕಾಲು ಮತ್ತೆ ದುಡಿಯಬೇಕಾದರೆ: ಫಿಸಿಯೋಥೆರಪಿಯೂ ವಿಮಾ ಕಾರ್ಡೂ



ಕೋಸಿನ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವವರಿಗೆ, ಔಷಧಿ ಹೊಡೆಯುವ ಡಬ್ಬಿಯನ್ನು ಬೆನ್ನಿಗೆ ಹೊತ್ತು ತಿರುಗುವವರಿಗೆ ಸೊಂಟ, ಮಂಡಿ, ಭುಜದ ನೋವು ಹೊಸದಲ್ಲ. ಆನೆ ಕಾವಲಿಗೆ ಹೋಗಿ ಅಟ್ಟಣೆಯಿಂದ ಬಿದ್ದು ಕಾಲು ಮುರಿಯುವುದೂ, ಲಕ್ವ ಹೊಡೆದು ಒಂದು ಪಕ್ಕ ಸ್ವಾಧೀನ ತಪ್ಪುವುದೂ ನಮ್ಮ ತಾಳವಾಡಿ ಬೆಟ್ಟದ ಊರುಗಳಲ್ಲಿ ಉಂಟು. ಆಪರೇಷನ್ ಆಗುತ್ತದೆ, ಮಾತ್ರೆ ಕೊಡುತ್ತಾರೆ, ಮನೆಗೆ ಕಳುಹಿಸುತ್ತಾರೆ. ಚೀಟಿಯ ಕೊನೆಯಲ್ಲಿ ಡಾಕ್ಟರು 'ಫಿಸಿಯೋಥೆರಪಿ ಮಾಡಿಸಿ' ಎಂದು ಬರೆದಿರುತ್ತಾರೆ. ಅನೇಕ ಮನೆಗಳಲ್ಲಿ ಆ ಒಂದು ಸಾಲೇ ಬಿಟ್ಟುಹೋಗುತ್ತದೆ.

ಬಸ್ ಚಾರ್ಜು, ಜೊತೆಗೆ ಹೋಗುವವರ ಒಂದು ದಿನದ ಕೂಲಿ, 'ಬರೀ ಕೈಕಾಲು ಆಡಿಸುವುದಕ್ಕೆ ಅಷ್ಟು ದೂರವೇ?' ಎಂಬ ಮಾತು, ಕಾರಣಗಳು ನಮಗೆ ಅರ್ಥವಾಗುತ್ತವೆ. ಆದರೆ ಲಕ್ವ ಹೊಡೆದ ಮೇಲೆ ಮೊದಲ ಮೂರು ತಿಂಗಳಲ್ಲೇ ಚೇತರಿಕೆ ಹೆಚ್ಚು. ಆ ದಿನಗಳಲ್ಲಿ ಕೈಯನ್ನು ಸುಮ್ಮನೆ ಮಲಗಿಸಿಟ್ಟರೆ ಭುಜ ಬಿಗಿದು ಕೂರುತ್ತದೆ. ಆಮೇಲೆ ಅಂಗಿ ತೊಡಿಸುವುದೂ ನೋವಿನ ಕೆಲಸ. ಹಾಗೆಯೇ ಪ್ಲಾಸ್ಟರ್ ಬಿಚ್ಚಿದ ಕಾಲಿನಲ್ಲಿ ಮೂಳೆ ಕೂಡಿದ್ದರೂ ಮಂಡಿ ಮಡಚುವುದಿಲ್ಲ, ತೊಡೆಯ ಮಾಂಸಖಂಡ ಸೊರಗಿರುತ್ತದೆ. ಅದಕ್ಕೆ ಮಾತ್ರೆಯಿಲ್ಲ. ದಿನವೂ ಕ್ರಮವಾಗಿ ಆಡಿಸಿಯೇ ಬಲ ಬರಬೇಕು.

ಇಲ್ಲೊಂದು ಮಾತು. ಮುರಿದ ಕಡೆ ಬಿದಿರುಪಟ್ಟಿ ಬಿಗಿದು ಎಣ್ಣೆ ತಿಕ್ಕುವವರನ್ನು ನಂಬುವವರು ಇನ್ನೂ ಇದ್ದಾರೆ. ಕಟ್ಟಿದ ಮೇಲೆ ಬೆರಳು ತಣ್ಣಗಾಗಿ, ಕಪ್ಪಿಟ್ಟು, ಜೋಮು ಹಿಡಿದರೆ ರಕ್ತ ಓಡುತ್ತಿಲ್ಲವೆಂದೇ ಅರ್ಥ. ಆಗ ಬೆಳಗಾಗುವುದನ್ನು ಕಾಯದೆ ಕಟ್ಟು ಬಿಚ್ಚಿ ಆಸ್ಪತ್ರೆಗೆ ಓಡಬೇಕು.

ಇನ್ನು ಫಿಸಿಯೋಥೆರಪಿಯವರನ್ನು ಹುಡುಕುವುದು ಹೇಗೆ? ನಮ್ಮಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರು ಬಹಳ. ಸರ್ಕಾರಿ ಆಸ್ಪತ್ರೆಯ ತಮಿಳು ಬೋರ್ಡಿನಲ್ಲಿ ಇದನ್ನು 'ಇಯನ್‌ಮುರೈ ಸಿಗಿಚ್ಚೈ' ಎಂದು ಬರೆದಿರುತ್ತಾರೆ. ಆ ಹೆಸರು ಹೇಳಿ ಕೇಳಿದರೆ ದಾರಿ ತೋರಿಸುತ್ತಾರೆ. ಆದರೆ ಬೆಟ್ಟ ಇಳಿಯುವ ಮೊದಲು ಹತ್ತಿರದಲ್ಲೇ ಕೇಳಬೇಕಾದದ್ದು ಬೇರೊಂದಿದೆ. 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆ ಆರಂಭಿಸಿತು. ಇದು ಮಕ್ಕಳ ಯೋಜನೆಯೆಂದು ತಿಳಿಯಬಾರದು. ತಮಿಳಿನಲ್ಲಿ 'ಮಕ್ಕಳ್' ಎಂದರೆ ಜನರು. ಜನರನ್ನು ಹುಡುಕಿಕೊಂಡು ಬರುವ ವೈದ್ಯವೆಂದು ಅರ್ಥ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಗೆ ತಂದುಕೊಡುವುದು ಬಹಳ ಮಂದಿಗೆ ಗೊತ್ತು. ನಡೆಯಲಾರದವರಿಗೆ ಮನೆಯಲ್ಲೇ ಫಿಸಿಯೋಥೆರಪಿ ಕೊಡುವುದೂ ಅದೇ ಯೋಜನೆಯ ಭಾಗ, ಶುಲ್ಕವಿಲ್ಲ. ಗ್ರಾಮದ ನರ್ಸಮ್ಮನಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ರೋಗಿಯ ಹೆಸರು ಬರೆಸಿ, ಎಂದು ಬರುತ್ತಾರೆಂದು ಕೇಳಿಕೊಳ್ಳಿರಿ. ಅವರು ದಿನವೂ ಬರಲಾರರು. ಆದುದರಿಂದ ಬಂದ ದಿನ ಮನೆಯವರಲ್ಲಿ ಇಬ್ಬರಾದರೂ ಹತ್ತಿರ ನಿಂತು ವ್ಯಾಯಾಮ ಕಲಿಯಬೇಕು. ಸಂತ ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದವರು ನಾಲ್ವರು. ಒಬ್ಬ ಸೊಸೆಯ ಮೇಲೆಯೇ ಎಲ್ಲ ಭಾರ ಹಾಕುವುದು ನ್ಯಾಯವಲ್ಲ.

ಖಾಸಗಿಯವರಲ್ಲಿಗೆ ಹೋಗುವುದಾದರೆ 'ಬಿ.ಪಿ.ಟಿ.' ಪದವಿ ಇದೆಯೇ ನೋಡಿರಿ. ಅದು ನಾಲ್ಕು ವರ್ಷದ ಓದು, ಮೇಲೆ ಆಸ್ಪತ್ರೆಯಲ್ಲಿ ತರಬೇತಿ. ಮಸಾಜ್ ಮಾಡುವವರೆಲ್ಲರೂ ಫಿಸಿಯೋಥೆರಪಿಯವರಲ್ಲ.

ಈಗ ಕಾರ್ಡಿನ ವಿಷಯ. ವರ್ಷಕ್ಕೆ 1,20,000 ರೂಪಾಯಿಯೊಳಗೆ ಆದಾಯವಿರುವ ಕುಟುಂಬಕ್ಕೆ ಮುಖ್ಯಮಂತ್ರಿ ವಿಮಾ ಯೋಜನೆ, ಅಂದರೆ 'ಕಾಪ್ಪೀಟ್ಟು ತಿಟ್ಟಂ', ಇದೆ. 2018ರಲ್ಲಿ ಇದನ್ನು ಕೇಂದ್ರದ ಆಯುಷ್ಮಾನ್ ಯೋಜನೆಯೊಂದಿಗೆ ಸೇರಿಸಿದರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ವಿ.ಎ.ಓ. ಕೊಡುವ ಆದಾಯ ಪತ್ರ, ರೇಷನ್ ಕಾರ್ಡು, ಆಧಾರ್ ಬೇಕು. ಆದರೆ ಈ ಕಾರ್ಡು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ದಿನವೂ ಹೋಗಿ ಬಂದು ಮಾಡಿಸುವ ಫಿಸಿಯೋಥೆರಪಿಗೆ ಕಾರ್ಡು ಇದೆಯೆಂದು ನಂಬಿ ಹೋದವರು ಕೈಯಿಂದ ಹಣ ಕೊಟ್ಟು ಬರಬೇಕಾಗುತ್ತದೆ.

ಗಡಿಯ ಕಥೆ ಇನ್ನೊಂದು. ನಮಗೆ ಚಾಮರಾಜನಗರ ಸುಮಾರು 25 ಕಿಲೋಮೀಟರು, ಮಾತೂ ನಮ್ಮದೇ. ಸತ್ಯಮಂಗಲಕ್ಕೆ ಅದರ ಎರಡರಷ್ಟಕ್ಕೂ ಹೆಚ್ಚು ದೂರ, ದಿಂಬಂ ಘಾಟಿಯ 27 ತಿರುವು ಬೇರೆ. ಮುರಿದ ಕಾಲಿನವರನ್ನು ಆ ತಿರುವುಗಳಲ್ಲಿ ಕರೆದೊಯ್ಯುವ ಕಷ್ಟ ಹೇಳಬೇಕಾಗಿಲ್ಲ. ಹಾಗೆಂದು ಚಾಮರಾಜನಗರಕ್ಕೋ ಮೈಸೂರಿಗೋ ಹೋದರೆ ತಮಿಳುನಾಡಿನ ಕಾರ್ಡು ಎಲ್ಲ ಕಡೆ ನಡೆಯುವುದಿಲ್ಲ. ಕರ್ನಾಟಕದ ಯೋಜನೆಗೆ ಅಲ್ಲಿಯ ರೇಷನ್ ಕಾರ್ಡು ಕೇಳುತ್ತಾರೆ. ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲಿ ಹೆಸರಿರುವ ಕುಟುಂಬಗಳಿಗೆ ಮಾತ್ರ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ದಾಖಲಾಗಿ ಚಿಕಿತ್ಸೆ ಪಡೆಯುವ ಅವಕಾಶವಿದೆ. ಹೆಸರಿದೆಯೇ ಎಂದು 14555ಕ್ಕೆ ಫೋನ್ ಮಾಡಿ ಕೇಳಬಹುದು. ತಮಿಳುನಾಡು ಯೋಜನೆಗೆ 1800 425 3993, ಎರಡೂ ಉಚಿತ. ಆಸ್ಪತ್ರೆಗೂ ಮುಂಚಿತವಾಗಿ ಕೇಳಿರಿ. 'ಕಾರ್ಡು ತಗೊಳ್ತೀರಾ?' ಎಂದಷ್ಟೇ ಕೇಳಿದರೆ ಸಾಲದು. 'ಈ ಚಿಕಿತ್ಸೆಗೆ, ದಾಖಲಾಗದೆ ಬಂದರೂ, ನಡೆಯುತ್ತದೆಯೇ? ಇಲ್ಲವಾದರೆ ಒಂದು ಸಲಕ್ಕೆ ಎಷ್ಟು?' ಎಂದು ಬಿಡಿಸಿ ಕೇಳಬೇಕು.

ಖಾಸಗಿ ಕಂಪನಿಯ ಪಾಲಿಸಿ ಕಟ್ಟಿರುವವರು ಆಸ್ಪತ್ರೆಯಿಂದ ಬಂದ ನಂತರದ ಖರ್ಚು ಎಷ್ಟು ದಿನದವರೆಗೆ ಸಿಗುತ್ತದೆಂದು ಅದರಲ್ಲೇ ಓದಿಸಿಕೊಳ್ಳಿರಿ. ಡಾಕ್ಟರ ಚೀಟಿಯಲ್ಲಿ ಫಿಸಿಯೋಥೆರಪಿ ಎಂದು ಬರೆದಿರಬೇಕು, ಪ್ರತಿ ಸಲದ ರಸೀದಿಯೂ ಬೇಕು. ಚೀಟಿ, ಎಕ್ಸ್‌ರೇ, ಡಿಸ್‌ಚಾರ್ಜ್ ಕಾಗದ, ಕಾರ್ಡು ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು, ಆ ಚೀಲ ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ತಿಳಿಸಿಡಿರಿ.