ನೋಡು, ವಿವೇಚಿಸು, ಕಾರ್ಯಪ್ರವೃತ್ತನಾಗು

ಕಾಲೇಜಿಗೆ ಹೋಗುವ ಮಕ್ಕಳಿರುವ ನಮ್ಮ ಮನೆಗಳಲ್ಲಿ ಪರೀಕ್ಷೆ, ಅಂಕ, ಉದ್ಯೋಗ ಇವುಗಳ ಮಾತು ದಿನವೂ ಇರುತ್ತದೆ. ಆದರೆ ಸೇವಾ ಶಿಬಿರದ ಒಪ್ಪಿಗೆ ಪತ್ರ ಕೈಗೆ ಬಂದಾಗ ಹೆತ್ತವರು ಹಿಂಜರಿಯುತ್ತಾರೆ. "ಏಳು ದಿನ ಮಣ್ಣು ಹೊತ್ತು ಬಂದರೆ ಏನು ಸಿಗುತ್ತದೆ? ಆ ಹೊತ್ತಿನಲ್ಲಿ ಓದಿಕೊಳ್ಳಬಾರದೇ?" ಎಂದು ಕೇಳುತ್ತಾರೆ. ಕಷ್ಟಪಟ್ಟು ಶುಲ್ಕ ಕಟ್ಟುವವರ ಈ ಪ್ರಶ್ನೆ ಸಹಜವಾದದ್ದೇ. ಅದಕ್ಕೆ ಉತ್ತರ ಶುಭಸಂದೇಶದಲ್ಲೇ ಇದೆ.

ಶಿಷ್ಯರು ಕಲಿತ ಬಗೆ

ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಬರೀ ಬೋಧನೆಯಿಂದ ಸಿದ್ಧಗೊಳಿಸಲಿಲ್ಲ. ಇಬ್ಬಿಬ್ಬರನ್ನಾಗಿ ಊರೂರಿಗೆ ಕಳುಹಿಸಿದರು. ಬುತ್ತಿ, ಜೋಳಿಗೆ, ಹಣ ಯಾವುದನ್ನೂ ಒಯ್ಯಬೇಡಿರೆಂದರು (ಮಾರ್ಕ 6:7-8). ಅವರು ಹಿಂದಿರುಗಿ ತಾವು ಮಾಡಿದ್ದನ್ನೂ ಬೋಧಿಸಿದ್ದನ್ನೂ ವರದಿ ಮಾಡಿದಾಗ, ವಿಶ್ರಮಿಸಲು ಅವರನ್ನು ನಿರ್ಜನ ಸ್ಥಳಕ್ಕೆ ಕರೆದರು (6:30-31). ಮೊದಲು ಅನುಭವ, ಆಮೇಲೆ ಅದನ್ನು ಗುರುವಿನ ಮುಂದೆ ಹೇಳಿಕೊಳ್ಳುವುದು, ಅನಂತರ ಬಿಡುವು. ಇಂದು ವಿಶ್ವವಿದ್ಯಾನಿಲಯಗಳು ಅನುಭವಾಧಾರಿತ ಕಲಿಕೆ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ಇದರ ನಾಲ್ಕು ಹಂತಗಳನ್ನು ವಿವರಿಸಿದರು: ಕೆಲಸವನ್ನು ಕಣ್ಣಾರೆ ಕಂಡು ಮಾಡುವುದು, ಮಾಡಿದ್ದನ್ನು ಹಿಂದಿರುಗಿ ನೋಡುವುದು, ಅದರಿಂದ ತತ್ತ್ವವೊಂದನ್ನು ಕಂಡುಕೊಳ್ಳುವುದು, ಅದನ್ನು ಹೊಸ ಸಂದರ್ಭದಲ್ಲಿ ಪ್ರಯೋಗಿಸಿ ನೋಡುವುದು.

ಕಾರ್ಮಿಕನ ಮಗ ತೋರಿದ ದಾರಿ

ಧರ್ಮಸಭೆಯಲ್ಲಿ ಈ ದಾರಿಯನ್ನು ಯುವಜನರಿಗೆ ತೆರೆದವರು ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡೈನ್ (1882-1967). ಅವರು ಗುರುಮಠದಲ್ಲಿ ಓದುತ್ತಿದ್ದಾಗ ಅವರ ಬಾಲ್ಯದ ಗೆಳೆಯರು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ರಜೆಯಲ್ಲಿ ಊರಿಗೆ ಬಂದಾಗ ಆ ಗೆಳೆಯರು ಅವರನ್ನು ಪರಕೀಯನಂತೆ ಕಂಡರು. 1903ರಲ್ಲಿ, ದುಡಿದು ದುಡಿದು ಸೊರಗಿದ ತಂದೆಯ ಮರಣಶಯ್ಯೆಯ ಬಳಿ, ತಮ್ಮ ಬದುಕನ್ನು ಕಾರ್ಮಿಕರಿಗೆ ಮುಡಿಪಾಗಿಡುವ ಸಂಕಲ್ಪವನ್ನು ಕಾರ್ಡೈನ್ ಮಾಡಿದರು. 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ರೂಪುಗೊಂಡಿತು.

ಅವರ ವಿಧಾನ ಮೂರೇ ಮಾತಿನದು: ನೋಡು, ವಿವೇಚಿಸು, ಕಾರ್ಯಪ್ರವೃತ್ತನಾಗು. ನಿನ್ನ ಸುತ್ತಲಿನ ನಿಜಸ್ಥಿತಿಯನ್ನು ನೋಡು. ಶುಭಸಂದೇಶದ ಬೆಳಕಿನಲ್ಲಿ ಅದನ್ನು ತೂಗಿ ನೋಡು. ಚಿಕ್ಕದಾದರೂ ಸರಿ, ನಿನ್ನ ಕೈಲಾಗುವ ಕೆಲಸವೊಂದನ್ನು ಮಾಡು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ 'ಮಾತೆರ್ ಎತ್ ಮಜಿಸ್ತ್ರಾ' ಪರಿಪತ್ರದಲ್ಲಿ ಈ ಮೂರು ಹೆಜ್ಜೆಗಳನ್ನು ಎತ್ತಿಹಿಡಿದರು. 1965ರಲ್ಲಿ ಕಾರ್ಡೈನ್ ಅವರು ಕಾರ್ಡಿನಲ್ ಆದರು. ನಮ್ಮ ಧರ್ಮಕೇಂದ್ರಗಳಲ್ಲಿ ಪರಿಚಿತವಾದ ವೈ.ಸಿ.ಎಸ್. ಸಂಘಟನೆ ಇದೇ ಬೇರಿನಿಂದ ಚಿಗುರಿದ್ದು. ಕಾಲೇಜು ವಿದ್ಯಾರ್ಥಿಗಳಿಗಾಗಿ ನಮ್ಮ ದೇಶದಲ್ಲಿ 1924ರಲ್ಲೇ ಆರಂಭವಾದ ಐಕಫ್ ಕೂಡ ಇದೆ.

ಸರಕಾರದ ಕಡೆಯಿಂದ ರಾಷ್ಟ್ರೀಯ ಸೇವಾ ಯೋಜನೆ (ಎನ್.ಎಸ್.ಎಸ್.) ಇದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಅದು ಆರಂಭವಾಯಿತು. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು, ಏಳು ದಿನಗಳ ವಿಶೇಷ ಶಿಬಿರದಲ್ಲಿಯೂ ಪಾಲ್ಗೊಳ್ಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಮುದಾಯ ಸೇವೆಯನ್ನು ಪದವಿಯ ಕಲಿಕೆಯ ಭಾಗವೆಂದು ಪರಿಗಣಿಸಿದೆ.

ನಮ್ಮ ಗಡಿನಾಡಿನಲ್ಲಿ

ಕಾಸರಗೋಡಿನ ಒಂದು ಉದಾಹರಣೆ ನೋಡೋಣ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಜನರನ್ನು ಕಾಡುತ್ತಿದ್ದ ಅಸಹಜ ಕಾಯಿಲೆಗಳನ್ನು ಮೊದಲು ಗಮನಿಸಿದವರಲ್ಲಿ ಸ್ಥಳೀಯ ವೈದ್ಯರೊಬ್ಬರು ಇದ್ದರು. ತಮ್ಮ ಬಳಿಗೆ ಬರುತ್ತಿದ್ದ ರೋಗಿಗಳನ್ನು ಅವರು ನಿಜವಾಗಿ "ನೋಡಿದರು", ಕಾರಣ ಏನಿರಬಹುದೆಂದು ಕೇಳಿದರು. ಅನೇಕರ ದೀರ್ಘ ಹೋರಾಟದ ಬಳಿಕ 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು.

ಈ ಕತೆಯನ್ನು ಪುಸ್ತಕದಲ್ಲಿ ಓದುವುದು ಒಂದು ಬಗೆ. ಹಾಸಿಗೆ ಹಿಡಿದ ಮಗನನ್ನು ಸಾಕುತ್ತಿರುವ ತಾಯಿಯ ಜೊತೆ ಒಂದು ದಿನ ಕಳೆಯುವುದು ಇನ್ನೊಂದು ಬಗೆ. ಆಕೆಗೆ ಬರಬೇಕಾದ ಸಹಾಯಧನಕ್ಕೆ ಯಾವ ಕಾಗದ ಬೇಕು, ಅದು ಯಾವ ಕಚೇರಿಯಲ್ಲಿ ನಿಂತಿದೆ ಎಂದು ವಿಚಾರಿಸಲು ಹೊರಟ ವಿದ್ಯಾರ್ಥಿ ತಾಳ್ಮೆಯನ್ನು, ಅಧಿಕಾರಿಗಳ ಮುಂದೆ ಧೈರ್ಯವಾಗಿ ಮಾತನಾಡುವುದನ್ನು, ಗೆಳೆಯರಿಗೆ ಕೆಲಸ ಹಂಚುವುದನ್ನು ಕಲಿಯುತ್ತಾನೆ. ನಾಯಕತ್ವ ಎಂದರೆ ಇದೇ ಅಲ್ಲವೇ?

ಗಡಿನಾಡಿನ ಮಕ್ಕಳಿಗೆ ಇಲ್ಲೊಂದು ವಿಶೇಷ ಕರೆಯೂ ಇದೆ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರಿಗೆ ಕಾಸರಗೋಡಿನಲ್ಲಿ ಮಲಯಾಳಂ ಅರ್ಜಿ, ತಾಳವಾಡಿಯಲ್ಲಿ ತಮಿಳು ಅರ್ಜಿ, ಅಕ್ಕಲಕೋಟೆಯಲ್ಲಿ ಮರಾಠಿ ಅರ್ಜಿ ಗೋಡೆಯಂತೆ ನಿಲ್ಲುತ್ತದೆ. ಎರಡೂ ಭಾಷೆ ಬಲ್ಲ ವಿದ್ಯಾರ್ಥಿ ಅಲ್ಲಿ ಬಾಗಿಲಾಗಬಲ್ಲ. ಎರಡು ಭಾಷೆಗಳ ನಡುವೆ ಬೆಳೆದದ್ದು ಕೊರತೆ ಎಂದು ಕುಗ್ಗಿದ ಮನಸ್ಸಿಗೆ ಅದೇ ತನ್ನ ಬಲವೆಂದು ಅರಿವಾಗುವುದು ಇಂತಹ ಕೆಲಸದಿಂದ.

ಧರ್ಮಕೇಂದ್ರ ಏನು ಮಾಡಬಹುದು?

ವಾರ್ಷಿಕ ಹಬ್ಬ ಬಂದಾಗ ಕುರ್ಚಿ ಹೊರಲು, ತೋರಣ ಕಟ್ಟಲು ಯುವಜನರನ್ನು ಕರೆಯುತ್ತೇವೆ. ಯೋಜನೆ ಮಾಡುವಾಗ, ಲೆಕ್ಕ ನೋಡುವಾಗ ಅವರು ನಮಗೆ "ಮಕ್ಕಳು". ಜವಾಬ್ದಾರಿ ಕೊಡದೆ ನಾಯಕರನ್ನು ಬೆಳೆಸುವುದು ಸಾಧ್ಯವಿಲ್ಲ. ಆದ್ದರಿಂದ ಕೆಲವು ಸಲಹೆಗಳು:

- ವರ್ಷಕ್ಕೆ ಒಂದು ಕಾರ್ಯಕ್ರಮದ ಯೋಜನೆ, ಖರ್ಚು, ಲೆಕ್ಕಪತ್ರ ಎಲ್ಲವನ್ನೂ ಕಾಲೇಜು ವಿದ್ಯಾರ್ಥಿಗಳಿಗೇ ಒಪ್ಪಿಸೋಣ. ಹಿರಿಯರೊಬ್ಬರು ಜೊತೆಗಿರಲಿ, ಆದರೆ ಅಡ್ಡಬಾರದಿರಲಿ.
- ಮುಖಂಡತ್ವ ಒಬ್ಬರಲ್ಲೇ ಉಳಿಯದೆ ಸರದಿಯಂತೆ ಬದಲಾಗಲಿ. ಹೆಣ್ಣುಮಕ್ಕಳಿಗೂ ಸಮಪಾಲು ಇರಲಿ.
- ಕೆಲಸ ಮುಗಿದ ಮೇಲೆ ಒಂದು ಗಂಟೆ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಲಿ: ನಾವು ಏನು ಕಂಡೆವು? ಅದು ನಮಗೆ ಏನು ಹೇಳಿತು? ಮುಂದೇನು? ಈ ಗಂಟೆ ತಪ್ಪಿದರೆ ಶಿಬಿರ ಬರೀ ವಿಹಾರವಾಗುತ್ತದೆ.
- ಶಿಬಿರದಿಂದ ಬಂದ ಮಗಳನ್ನೋ ಮಗನನ್ನೋ ಮನೆಯಲ್ಲಿ ಸಂಜೆಯ ಪ್ರಾರ್ಥನೆಯ ಬಳಿಕ ಮಾತಾಡಿಸಿ. ತೀರ್ಪು ಕೊಡದೆ ಕೇಳಿಸಿಕೊಳ್ಳಿ.

ಹಾಗೆಂದು ಓದನ್ನು ಕಡೆಗಣಿಸಬೇಕೆಂದಲ್ಲ. ಶಿಬಿರ ಎಲ್ಲಿ, ಜೊತೆಗೆ ಯಾರಿದ್ದಾರೆ, ಹೆಣ್ಣುಮಕ್ಕಳ ವಸತಿ ಹೇಗಿದೆ ಎಂದು ಹೆತ್ತವರು ವಿಚಾರಿಸಲೇಬೇಕು. ವಿಚಾರಿಸಿ, ತೃಪ್ತಿಯಾದ ಮೇಲೆ ಸಂತೋಷದಿಂದ ಸಹಿ ಹಾಕಿ.

ಪ್ರಭು ಯೇಸು ತಮ್ಮ ಶಿಷ್ಯರ ಪಾದ ತೊಳೆದು (ಯೊವಾನ್ನ 13) ನಾಯಕನ ಸ್ಥಾನ ಎಲ್ಲಿದೆ ಎಂದು ತೋರಿಸಿಕೊಟ್ಟರು. ನೀರಿನ ಬೋಗುಣಿಯನ್ನು ಕೈಗೆತ್ತಿಕೊಳ್ಳುವುದನ್ನು ನಮ್ಮ ಮಕ್ಕಳು ಕಾಲೇಜಿನ ದಿನಗಳಲ್ಲೇ ಕಲಿಯಲಿ. ನಾಳೆ ಅವರು ಅಧಿಕಾರಿ, ಶಿಕ್ಷಕ, ಪಂಚಾಯತು ಸದಸ್ಯ, ಏನೇ ಆಗಲಿ, ತಮ್ಮ ಮುಂದೆ ಅರ್ಜಿ ಹಿಡಿದು ನಿಂತ ಬಡವನ ಮುಖ ಅವರಿಗೆ ಅಪರಿಚಿತವಾಗದಿರಲಿ.