ಗೋಧಿ ಮುಗಿದ ಮೇಲೆ ಉಳಿದದ್ದು

ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆ ನಡೆಯುವ ದಿನಗಳಲ್ಲಿ ಬೋರಿಂಗಿನ ಹ್ಯಾಂಡಲ್ಲಿಗೆ ಪುರಸೊತ್ತು ಇರುವುದಿಲ್ಲ. ಗುಡ್ಡ ಹತ್ತಿ ಇಳಿದ ಭಕ್ತರು, ಮರದಡಿ ಒಲೆ ಹೂಡಿದವರು, ಬಿಂದಿಗೆ ಹಿಡಿದ ಊರಿನ ಹೆಂಗಸರು ಎಲ್ಲರೂ ಅದನ್ನೇ ಒತ್ತುತ್ತಾರೆ. ಮಳೆಗಾಲದಲ್ಲಿ ಕೊಡೆ ಮಡಚಲು ಬಿಡದ ಸೀಮೆ ನಮ್ಮದು. ಸೊರಬ ತಾಲ್ಲೂಕಿನಲ್ಲಿ ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಆದರೂ ಬೇಸಿಗೆ ಏರುತ್ತಿದ್ದಂತೆ ಬಾವಿಗಳ ತಳ ಕಾಣತೊಡಗುತ್ತದೆ, ಆಗ ಜನ ನಂಬುವುದು ಕೈಪಂಪನ್ನು. ನಾನು ದುಡಿದದ್ದೆಲ್ಲ ಈ ಪಂಪುಗಳ ಜೊತೆಗೇ. ಬಿಡುವಿನಲ್ಲಿ ಗದ್ದೆ, ಉಳಿದಂತೆ ಪೈಪು, ರಾಡು, ವಾಷರು.

ರಿಪೇರಿಗೆ ಹೋದವನು ಮೊದಲು ಪಂಪನ್ನಲ್ಲ, ನೀರು ಹೊರುವ ಹೆಂಗಸರನ್ನು ಮಾತಾಡಿಸಬೇಕು. "ನೀರು ಬರ್ತದೆ ತಮ್ಮಾ, ಆದ್ರೆ ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಬರ್ತದೆ" ಅಂದರೆ ತಳದ ವಾಲ್ವು ಸೋರುತ್ತಿದೆ. "ಹ್ಯಾಂಡಲ್ ಹಗುರಾಗಿದೆ, ಹನಿ ನೀರಿಲ್ಲ" ಅಂದರೆ ಒಳಗೆ ರಾಡು ಕಳಚಿದೆ. ನೀರು ದಿನೇ ದಿನೇ ಸಣ್ಣಗಾಗುತ್ತ ಬಂದರೆ ಸಿಲಿಂಡರಿನ ಚರ್ಮದ ವಾಷರ್ ಸವೆದಿದೆ. ಇಷ್ಟು ಸರಳವಾದ ಯಂತ್ರ ಹೇಗೆ ಹುಟ್ಟಿತು ಎಂದು ಕೇಳುತ್ತ, ಓದುತ್ತ ಹೋದಾಗ ನನಗೆ ಸಿಕ್ಕಿದ್ದು ಹಸಿವಿನ ಕಥೆ. ಆ ಕಥೆಯಲ್ಲಿ ಚರ್ಚುಗಳ ಪಾಲು ದೊಡ್ಡದು. ಅದನ್ನು ನಮ್ಮ ಕಡೆಯವರು ತಿಳಿಯಬೇಕೆಂದು ಈ ಬರಹ.

1965 ಮತ್ತು 1966, ಎರಡು ವರ್ಷ ಒಂದರ ಬೆನ್ನಿಗೊಂದು ಮುಂಗಾರು ದೇಶಕ್ಕೆ ಕೈಕೊಟ್ಟಿತು. 1964-65ರಲ್ಲಿ 8.9 ಕೋಟಿ ಟನ್ ಇದ್ದ ಆಹಾರಧಾನ್ಯದ ಬೆಳೆ ಮರುವರ್ಷ 7.2 ಕೋಟಿ ಟನ್ನಿಗೆ ಬಿತ್ತು. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶವನ್ನೇ ಕೇಳಿಕೊಂಡರು. ಬಿಹಾರದಲ್ಲಿ 1967ರಲ್ಲಿ ಸರ್ಕಾರವೇ ಕ್ಷಾಮ ಘೋಷಿಸಿತು. ಅಮೆರಿಕದ ಗೋಧಿ ಹಡಗಿನಲ್ಲಿ ಬರಬೇಕು, ಆಮೇಲೆ ರೇಷನ್ ಅಂಗಡಿ ತೆರೆಯಬೇಕು, ಅಂಥ ಕಾಲ. ನಮ್ಮ ತಲೆಮಾರಿನವರ ನಾಲಿಗೆಯಲ್ಲಿ ಶಾಲೆಯ ಹಳದಿ ಉಪ್ಪಿಟ್ಟಿನ ರುಚಿ ಇನ್ನೂ ಇದೆ. ಅದು 'ಕೇರ್' ಸಂಸ್ಥೆ ಕೊಟ್ಟದ್ದು, ಚರ್ಚಿನದಲ್ಲ. ಆದರೆ ಅದೇ ಅಮೆರಿಕದ ಧಾನ್ಯ, ಹಾಲಿನ ಪುಡಿ, ಎಣ್ಣೆ ದೇಶದ ಎಷ್ಟೋ ಹಳ್ಳಿಗಳಿಗೆ ಚರ್ಚುಗಳ ಕೈಯಿಂದಲೂ ಹೋಯಿತು. ಕ್ಯಾಥೊಲಿಕ್ ಕಡೆಯಿಂದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್, ಪ್ರಾಟೆಸ್ಟಂಟ್ ಕಡೆಯಿಂದ ಈಗ 'ಕಾಸಾ' ಎಂದು ಕರೆಯುವ ಸಂಸ್ಥೆ. ಕಾಸಾ ಹುಟ್ಟಿದ್ದೇ 1947ರಲ್ಲಿ, ದೇಶ ವಿಭಜನೆಯ ನಿರಾಶ್ರಿತರಿಗೆ ನೆರವಾಗಲು.

ಹಂಚುವ ಕೆಲಸಕ್ಕೆ ಕೊನೆ ಎಂಬುದಿಲ್ಲ. ಇಂದು ಕೊಟ್ಟ ಗೋಧಿ ನಾಳೆ ಖಾಲಿ, ಮರುವರ್ಷ ಮಳೆ ಬಾರದಿದ್ದರೆ ಮತ್ತೆ ಅದೇ ಸಾಲು. ಇದನ್ನು ಎದುರಿಗೇ ಕಂಡ ಚರ್ಚುಗಳು 1966ರಲ್ಲಿ ಒಂದು ಬೇರೆ ಹೆಜ್ಜೆ ಇಟ್ಟವು. ಅಲ್ಲಿಯವರೆಗೆ ತಮ್ಮ ತಮ್ಮ ದಾರಿಯಲ್ಲೇ ನಡೆದಿದ್ದ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಕೂಡಿ ದೆಹಲಿಯಲ್ಲಿ 'ಆಫ್‌ಪ್ರೊ' ಎಂಬ ಸಂಸ್ಥೆ ಕಟ್ಟಿದರು. ಆಹಾರ ಹಂಚುವುದಲ್ಲ, ಬೆಳೆಯಲು ನೆರವಾಗುವುದು ಅದರ ಕೆಲಸ. ಅನ್ನ ಬೆಳೆಯಬೇಕೆಂದರೆ ಮೊದಲು ನೀರು. ಹಾಗಾಗಿ ಬಾವಿ ತೋಡುವುದು, ಬಂಡೆ ಕೊರೆಯುವುದು, ಅಂತರ್ಜಲ ಎಲ್ಲಿದೆ ಎಂದು ನೋಡುವುದು, ಅದನ್ನು ಹಳ್ಳಿಯ ಸಂಸ್ಥೆಗಳಿಗೆ ಕಲಿಸುವುದು, ಇವೆಲ್ಲ ಅದರ ಹೆಗಲಿಗೆ ಬಂತು. 1967ರಲ್ಲಿ ಯುನಿಸೆಫ್ ಗಟ್ಟಿ ಬಂಡೆಯನ್ನು ಗಾಳಿಯ ಒತ್ತಡದಿಂದ ಕೊರೆಯುವ ರಿಗ್ಗುಗಳನ್ನು ದೇಶಕ್ಕೆ ತಂದಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೊರೆತ ಒಂದೆರಡು ದಿನದ ಕೆಲಸವಾಯಿತು.

ಕೊರೆದದ್ದೇನೋ ಆಯಿತು, ಮೇಲೆ ಕೂರಿಸಿದ ಪಂಪು ನಿಲ್ಲಬೇಕಲ್ಲ. ಆಗಿದ್ದವು ಬೀಡು ಕಬ್ಬಿಣದ ಪಂಪುಗಳು, ಹೊರದೇಶದ ಒಂದು ಮನೆಯವರು ದಿನಕ್ಕೆ ನಾಲ್ಕು ಬಕೆಟ್ ಎತ್ತಲು ಮಾಡಿದಂಥವು. ನಮ್ಮಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಇಡೀ ಕೇರಿ ಒತ್ತುತ್ತದೆ. ಕೀಲು ಸವೆದು, ಹ್ಯಾಂಡಲ್ ಮುರಿದು, ಕೆಲವೇ ತಿಂಗಳಲ್ಲಿ ಬೋರಿಂಗು ಇದ್ದೂ ಇಲ್ಲದಂತಾಗುತ್ತಿತ್ತು. ಮಹಾರಾಷ್ಟ್ರದ ಜಾಲ್ನಾದಲ್ಲಿ ನೀರಿನ ಕೆಲಸ ಮಾಡುತ್ತಿದ್ದ ಚರ್ಚ್ ಆಫ್ ಸ್ಕಾಟ್‌ಲೆಂಡ್ ಮಿಷನ್ನಿನವರು ಈ ಕೇಡಿಗೆ ಮದ್ದು ಹುಡುಕಿದರು. ಎರಕದ ಬದಲು ಉಕ್ಕಿನ ತಗಡು ಬೆಸೆದ ತಲೆ, ಹಲವು ಕೀಲಿನ ಬದಲು ಒಂದೇ ಕೀಲು, ರಾಡನ್ನು ನೆಟ್ಟಗೆ ಮೇಲೆತ್ತುವ ಸರಪಳಿ. ಇದೇ ಜಾಲ್ನಾ ಪಂಪು. ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ಅದು ಇನ್ನೂ ಗಟ್ಟಿಯಾಯಿತು. ಸೊಲ್ಲಾಪುರ ಪಂಪನ್ನೇ ಆಧಾರವಾಗಿಟ್ಟು ಭಾರತ ಸರ್ಕಾರ ಮತ್ತು ಯುನಿಸೆಫ್ 1970ರ ದಶಕದಲ್ಲಿ 'ಇಂಡಿಯಾ ಮಾರ್ಕ್ 2' ರೂಪಿಸಿದವು. ನಾನು ಆಯುಷ್ಯವೆಲ್ಲ ಬಿಚ್ಚಿ ಜೋಡಿಸಿದ್ದು ಇದನ್ನೇ. ಅದರ ತಲೆಯ ಮುಚ್ಚಳ ತೆಗೆದರೆ ಜಾಲ್ನಾದ ಆ ಸರಪಳಿ ಇಂದಿಗೂ ಕಾಣುತ್ತದೆ. ಆಫ್ರಿಕದ ಹಳ್ಳಿಗಳಲ್ಲೂ ಇದೇ ಪಂಪು ಇದೆ.

ನಮ್ಮ ಕಡೆ ಇದು ಏನು ಮಾಡಿತೆಂದು ಹೇಳಬೇಕಾದರೆ ದಲಿತರ ಕೇರಿಗಳಿಗೆ ಬರಬೇಕು. ಊರ ಬಾವಿಯ ಕಟ್ಟೆ ಹತ್ತಲು ಬಿಡದ ಕಾಲದಲ್ಲಿ ಅಲ್ಲಿನ ಹೆಂಗಸರು ದೂರದಲ್ಲಿ ಕೊಡ ಇಟ್ಟು, ಯಾರಾದರೂ ಸೇದಿ ಹಾಕಲಿ ಎಂದು ಕಾಯಬೇಕಿತ್ತು. ಇಲ್ಲವೇ ಹಳ್ಳದ ಒರತೆಗೆ ಹೋಗಬೇಕಿತ್ತು. ಕೇರಿಯೊಳಗೇ ಬೋರಿಂಗು ಬಂದ ದಿನ ಅವರಿಗೆ ತಮ್ಮದೇ ನೀರು ಸಿಕ್ಕಿತು. ಅಂಥ ಕೇರಿಯ ಪಂಪು ಕೆಟ್ಟಾಗ ಮೇಲಿನವರಿಂದ ಆದೇಶ ಬರಲಿ ಎಂದು ಕಾಯುವುದು ತಪ್ಪು ಎಂದು ನಾನು ತಿಳಿದವನು. ಮೊದಲು ಅಲ್ಲಿಗೆ ಹೋಗಬೇಕು.

ಬರದಲ್ಲಿ ಚರ್ಚು ಬೇಸಾಯಕ್ಕೆ ಕೈಹಾಕಿದ್ದು 1966ರಲ್ಲೇ ಮೊದಲಲ್ಲ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನ ದೊಡ್ಡ ಬರ ಮೈಸೂರು ಸೀಮೆಯನ್ನು ಅರೆದುಬಿಟ್ಟಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಜನ 1881ಕ್ಕೆ 41,86,188. ಕೋಲಾರ, ತುಮಕೂರು, ಚಿತ್ರದುರ್ಗದ ಬಯಲು ಸೀಮೆಗೆ ಹೆಚ್ಚು ಪೆಟ್ಟು. ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಉಳಿಯಿತು. ಲಂಡನ್ನಿನ ಮೇಯರ್ ತೆರೆದ ನಿಧಿಯ ಹಣದಲ್ಲಿ ರೈತರಿಗೆ ಎತ್ತು, ಬಿತ್ತನೆ ಬೀಜ, ಬಟ್ಟೆ, ಮನೆಯ ಹೊದಿಕೆಗೆ ನೆರವು ಸಿಕ್ಕಿತು. ಹಂಚುವ ಊರಿನ ಸಮಿತಿಗಳಲ್ಲಿ ಪಾದ್ರಿಗಳೂ ಇದ್ದರು. ಅನಾಥ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಆಶ್ರಯ ತೆರೆಯಿತು. ಕ್ಯಾಥೊಲಿಕರು ನೆಲಮಂಗಲ ಸೀಮೆಯ ಸಿಲುವೆಪುರ, ಕನಕಪುರ ಸೀಮೆಯ ಮರಿಯಾಪುರಗಳಲ್ಲಿ ಬರದ ಅನಾಥರಿಗಾಗಿ ಬೇಸಾಯದ ಊರುಗಳನ್ನೇ ಕಟ್ಟಿದರು. ಗಂಜಿ ಕುಡಿದು ಬದುಕಿದ ಹುಡುಗ ನೇಗಿಲು ಹಿಡಿದು ಒಂದು ಮನೆ ಹೂಡಿದ.

ಇಲ್ಲಿ ಒಂದು ಮಾತನ್ನು ನುಂಗಿಕೊಂಡು ಮುಂದೆ ಹೋಗಲಾರೆ. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು, ಅವರ ಪರವಾಗಿ ಬೇಡವೆನ್ನಲು ಹೆತ್ತವರು ಉಳಿದಿರಲಿಲ್ಲ. ಹಸಿದವರ ಮುಂದೆ ಅನ್ನದ ಜೊತೆ ಧರ್ಮವನ್ನೂ ಇಡಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಹಾಗೆ ಇಟ್ಟ ಕಡೆಯೆಲ್ಲ ಕೆಲಸ ಉಳಿದೂ ಇಲ್ಲ. ಗದಗದ ಹತ್ತಿರ ಮಲಸಮುದ್ರದಲ್ಲಿ ಬಾಸೆಲ್ ಮಿಷನ್ 1840ರ ದಶಕದಲ್ಲಿ ಹೊಸದಾಗಿ ಕ್ರೈಸ್ತರಾದವರಿಗಾಗಿ ಬೇಸಾಯದ ಊರು ಹೂಡಿ ನೋಡಿತು, ಅದು ಹೆಚ್ಚು ಕಾಲ ಬಾಳಲಿಲ್ಲ. ಜಾಲ್ನಾದವರ ಪಂಪು ಮಾತ್ರ ಒತ್ತುವವರ ದೇವರು ಯಾರೆಂದು ಕೇಳದೆ ದೇಶ ತುಂಬ ಹರಡಿತು.

ಬೇಸಾಯ ಕಲಿಸುವ ವಿಷಯದಲ್ಲಿ ನನಗೆ ಗೌರವವಿರುವುದು ಸ್ಯಾಮ್ ಹಿಗ್ಗಿನ್‌ಬಾಟಮ್ ಅವರ ಮೇಲೆ. ಅಲಹಾಬಾದಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದ ಮಿಷನರಿ ಅವರು. ಸುತ್ತಲಿನ ರೈತರ ಬಡತನ ನೋಡಿ, ಪುಸ್ತಕದ ಮಾತು ಸಾಲದೆಂದು ಅಮೆರಿಕಕ್ಕೆ ಮರಳಿ ಕೃಷಿ ಓದಿಕೊಂಡು ಬಂದರು. 1910ರಲ್ಲಿ ಶುರುವಾದ ಅಲಹಾಬಾದ್ ಕೃಷಿ ಸಂಸ್ಥೆ ಇಂದು ವಿಶ್ವವಿದ್ಯಾಲಯವಾಗಿದೆ. ಇನ್ನೊಬ್ಬರಿಗೆ ಕಲಿಸುವ ಮೊದಲು ತಾನು ಹೋಗಿ ಕಲಿತು ಬರುವ ತಾಳ್ಮೆ ನೆರವಿಗೆ ಬರುವ ಎಲ್ಲರಿಗೂ ಇರಲಿ ಎಂದು ಬಯಸುತ್ತೇನೆ.

ಈಗ ನಮ್ಮ ಊರುಗಳ ಕಷ್ಟಕ್ಕೆ ಬರುತ್ತೇನೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಲೆನಾಡಿಗೂ ಮಳೆ ಕಡಿಮೆ ಬಿತ್ತು. ಸೊರಬ, ಶಿಕಾರಿಪುರದ ಬಯಲುಗಳಲ್ಲಿ ಕೂರಿಗೆ ಬಿತ್ತಿದ ಭತ್ತ ತೆನೆ ಕಟ್ಟುವ ಮೊದಲೇ ಬಾಡುವುದನ್ನು ನೋಡಿದವರಿಗೆ ಅದರ ಸಂಕಟ ಗೊತ್ತು. ಬರ ಬಂದ ಕೂಡಲೇ ನಾವು ಮಾಡುವುದು ಟ್ಯಾಂಕರ್ ತರಿಸುವುದು, ಹೊಸ ಬೋರು ಕೊರೆಸುವುದು. ಮಾರ್ಕ್ 2 ಪಂಪು ಸುಮಾರು 45 ಮೀಟರ್ ಆಳದವರೆಗಿನ ನೀರನ್ನು ಎತ್ತಬಲ್ಲದು. ಅಡಿಕೆಗೆ, ಶುಂಠಿಗೆ ಎಂದು ತೋಟ ತೋಟದಲ್ಲಿ ಮೋಟಾರು ಇಳಿಸಿ ನೀರನ್ನು ಅದಕ್ಕಿಂತ ಕೆಳಗೆ ತಳ್ಳಿದರೆ ಕೇರಿಯ ಕೈಪಂಪು ಒಣಗುತ್ತದೆ, ಅದಕ್ಕೆ ಯಾವ ವಾಷರೂ ಇಲ್ಲ. ಹಾಗಾಗಿ ಬೇಸಾಯದ ತರಬೇತಿ ಎಂದರೆ ಇಂದು ಗೊಬ್ಬರ, ಔಷಧಿಯ ಲೆಕ್ಕ ಹೇಳುವುದಷ್ಟೇ ಅಲ್ಲ. ಕೆರೆಗೆ ನೀರು ತರುವ ಕಾಲುವೆ ಬಿಡಿಸುವುದು, ಹೂಳು ತೆಗೆಯುವುದು, ಬೇಸಿಗೆಯಲ್ಲಿ ಉದ್ದು, ಹೆಸರಿನಂಥ ಕಡಿಮೆ ನೀರಿನ ಬೆಳೆ ಹಾಕುವುದು, ಮರುಬಿತ್ತನೆಗೆ ಊರಲ್ಲೇ ಬೀಜ ಉಳಿಸುವುದು. ಇದನ್ನು ಚರ್ಚು ಹೇಳಲಿ, ಮಠ ಹೇಳಲಿ, ಧರ್ಮಸ್ಥಳದ ಸಂಘ ಹೇಳಲಿ, ಇಲಾಖೆ ಹೇಳಲಿ, ನಾನು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತೇನೆ.

ನಳ ಮನೆಮನೆಗೆ ಬಂದಿದೆ, ಸಂತೋಷ. ಆದರೆ ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಹೋದರೆ ಟ್ಯಾಂಕಿಗೆ ನೀರು ಏರುವುದಿಲ್ಲ. ಅದಕ್ಕೇ ಪ್ರತಿ ಪಂಚಾಯಿತಿ ಕೈಪಂಪುಗಳನ್ನು ಕಿತ್ತು ಗುಜರಿಗೆ ಹಾಕದೆ ಉಳಿಸಿಕೊಳ್ಳಲಿ, ಒಂದು ಸೆಟ್ ಸ್ಪ್ಯಾನರ್, ಸರಪಳಿ, ಬೇರಿಂಗು, ವಾಷರು ದಾಸ್ತಾನು ಇಡಲಿ ಎಂದು ಹೋದಲ್ಲೆಲ್ಲ ಕೇಳುತ್ತಿದ್ದೇನೆ. ನಮ್ಮ ಕಡೆಯ ಸ್ತ್ರೀಶಕ್ತಿ ಸಂಘದ ಕೆಲವು ಹೆಣ್ಣುಮಕ್ಕಳು ಕಲಿಯಲು ಮುಂದೆ ಬಂದಿದ್ದಾರೆ. ಸರಪಳಿ ಬದಲಿಸುವುದು, ಬೇರಿಂಗು ಕೂರಿಸುವುದು ಅವರಿಗೆ ಬಂದಿದೆ. ಪೈಪು ಎತ್ತಿ ಸಿಲಿಂಡರ್ ಬಿಚ್ಚುವ ಪಾಠ ಇನ್ನು ಶುರುವಾಗಬೇಕು.